ಫ್ಲ್ಯಾಟಿಗೆ ಹಳೇ ಬೇಬಿ ಗ್ರ್ಯಾಂಡ್ ಪಿಯಾನೊ ತರಬಹುದಾ?

ನೀವು ಹೇಳಿದ್ದು ಇಷ್ಟು: ಬೆಂಗಳೂರಿನ ಫ್ಲ್ಯಾಟು, ಪಿಯಾನೊ ಪರೀಕ್ಷೆಯ ಐದನೇ ಗ್ರೇಡ್ ಮುಗಿಸಿದ ಮಗಳು, ಐದಡಿಯ ಸೆಕೆಂಡ್ ಹ್ಯಾಂಡ್ ಜಪಾನಿ ಗ್ರ್ಯಾಂಡು (ತಂತಿಗಳು ಮಲಗಿರುವ ಪಿಯಾನೊ; ಬೇಬಿ ಅಂದರೆ ಅದರಲ್ಲೇ ಚಿಕ್ಕದು). ಜೊತೆಗೆ 'ಈ ವಾರವೇ ಹೇಳಿ' ಎಂದು ಅವಸರ ಮಾಡುವ ವ್ಯಾಪಾರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಅದನ್ನು ಬಿಟ್ಟು, ತಂತಿಗಳು ನೆಟ್ಟಗೆ ನಿಂತಿರುವ ಎತ್ತರದ ಅಪ್‌ರೈಟ್ ನೋಡುತ್ತಿದ್ದೆ.

ಕಾರಣ ತಂತಿಯ ಉದ್ದ. ಐದಡಿ ಗ್ರ್ಯಾಂಡಿನಲ್ಲಿ ಕೀಬೋರ್ಡಿಗೆ ಹೋಗಿ ಉಳಿದ ಜಾಗ ಎಡಗೈ ಕಡೆಯ ಕೆಳಸ್ವರದ ತಂತಿಗಳಿಗೆ ಸಾಲುವುದಿಲ್ಲ. ಹಾಗಾಗಿ ದಪ್ಪಗೆ ತಾಮ್ರ ಸುತ್ತಿ ಭಾರ ಮಾಡಿರುತ್ತಾರೆ, ನಾದ ಮಂಕಾಗುತ್ತದೆ. ಯಮಾಹಾ ಯು3 ಅಪ್‌ರೈಟಿನ ಎತ್ತರ 131 ಸೆಂ.ಮೀ. ಅದರ ಕೆಳಸ್ವರಗಳನ್ನು ಕೇಳಿದ ಮೇಲೆ ಎಷ್ಟೋ ಬೇಬಿ ಗ್ರ್ಯಾಂಡ್‌ಗಳು ಸಪ್ಪೆ ಅನಿಸುತ್ತವೆ.

ಗ್ರ್ಯಾಂಡಿನ ನಿಜವಾದ ಸುಖ ಬೆರಳಿಗೆ. ತಂತಿಗೆ ಬಡಿಯುವ ಹ್ಯಾಮರ್ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ, ಕೀ ಪೂರ್ತಿ ಮೇಲೆ ಬರುವ ಮೊದಲೇ ಅದೇ ಸ್ವರವನ್ನು ಮತ್ತೆ ಬಾರಿಸಬಹುದು. ಮಗಳಿಗೆ ಅದು ಬೇಕೇ ಬೇಕು ಅನ್ನುವ ಕಾಲ ಬಂದಾಗ ಆರಡಿಯದನ್ನೇ ತಗೊಳ್ಳಿ. ಯಮಾಹಾ ಸಿ3 ಉದ್ದ 186 ಸೆಂ.ಮೀ., ತೂಕ 300 ಕಿಲೋ ದಾಟುತ್ತದೆ. ಮೆಟ್ಟಿಲ ತಿರುವನ್ನು ಈಗಲೇ ಅಳೆದಿಟ್ಟುಕೊಳ್ಳಿ.

ನಾನು ಮೊದಲ ಸಲ ಮೋಸ ಹೋದದ್ದು ಪಾಲಿಶ್ ನೋಡಿ. ಮುಖ ಕಾಣುವಷ್ಟು ಹೊಳಪು! ಮಾರ್ಚ್ ಬಂತು, ಹವೆ ಒಣಗಿತು, ಶ್ರುತಿ ಸರಿಮಾಡುವ ಟ್ಯೂನರ್ ಬಂದು ಹೋದ ವಾರಕ್ಕೇ ಶ್ರುತಿ ಇಳಿಯತೊಡಗಿತು. ಪಿಯಾನೊದಲ್ಲಿ ಸುಮಾರು 230 ತಂತಿ, ಎಲ್ಲ ಸೇರಿ ಹತ್ತಿರ ಹತ್ತಿರ 20 ಟನ್ ಎಳೆತ. ಅದನ್ನು ತಡೆದು ಹಿಡಿಯುವ ಟ್ಯೂನಿಂಗ್ ಪಿನ್‌ಗಳು ಕೂತಿರುವುದು ಒಂದು ಮರದ ಹಲಗೆಯಲ್ಲಿ. ನನ್ನದರಲ್ಲಿ ಆ ಹಲಗೆಯೇ ಬಿರುಕು ಬಿಟ್ಟಿತ್ತು. ರಿಪೇರಿ ಖರ್ಚು ಕೇಳಿ ನಮ್ಮನೆಯವಳು ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅದಕ್ಕೇ ಹೇಳುವುದು, ನೋಡಲು ಹೋಗುವಾಗ ನಿಮ್ಮದೇ ಟ್ಯೂನರ್‌ನ ಕರೆದುಕೊಂಡು ಹೋಗಿ, ಅಂಗಡಿಯವರು ತೋರಿಸಿದವರನ್ನಲ್ಲ. ಪಿನ್ ಬಿಗಿ ಇದೆಯಾ ಅನ್ನುವುದು ಅವರ ಕೈಗೇ ಗೊತ್ತಾಗುತ್ತದೆ. ನೀವು 88 ಕೀಗಳನ್ನೂ ಒಂದೊಂದಾಗಿ ಮೆಲ್ಲಗೆ ಒತ್ತಿ ನೋಡಿ. ಬೆರಳು ತೆಗೆದ ತಕ್ಷಣ ಸ್ವರ ನಿಲ್ಲಬೇಕು (ಬಲತುದಿಯ ಕೆಲವು ಕೀಗಳಿಗೆ ಸ್ವರ ನಿಲ್ಲಿಸುವ ಡ್ಯಾಂಪರ್ ಇರುವುದಿಲ್ಲ, ಅಲ್ಲಿ ಗಾಬರಿಯಾಗಬೇಡಿ). ಗ್ರ್ಯಾಂಡ್ ಆದರೆ, ಎಡ ಪೆಡಲ್ ತುಳಿದಾಗ ಇಡೀ ಕೀಬೋರ್ಡ್ ಚೂರು ಬಲಕ್ಕೆ ಸರಿಯಬೇಕು. ಟಾರ್ಚ್ ಹಾಕಿ ಒಳಗೂ ಇಣುಕಿ. ತಂತಿಗೆ ತುಕ್ಕು, ಹ್ಯಾಮರ್‌ನ ಫೆಲ್ಟಿನಲ್ಲಿ ಆಳದ ಗೀರು, ಗೆದ್ದಲಿನ ಮಣ್ಣು, ಇಲಿ ಹಿಕ್ಕೆ. ನಗಬೇಡಿ, ಇಲಿಗೆ ಫೆಲ್ಟ್ ಅಂದರೆ ಬಲು ಇಷ್ಟ.

ಮನೆಗೆ ಬಂದ ಮೇಲೆ ಬಿಸಿಲು ಬೀಳುವ ಕಿಟಕಿ, ಎ.ಸಿ. ಗಾಳಿ ಎರಡರಿಂದಲೂ ದೂರವಿಡಿ. ಕೋಣೆಯ ತೇವಾಂಶ ಶೇಕಡಾ 40ರಿಂದ 50ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಅದನ್ನು ಅಳೆಯುವ ಪುಟ್ಟ ಮೀಟರಿಗೆ ಜಾಸ್ತಿ ದುಡ್ಡೇನೂ ಆಗುವುದಿಲ್ಲ.

ಸದ್ಯಕ್ಕೆ ಆ ವ್ಯಾಪಾರಿಗೆ ಫೋನ್ ಮಾಡಿ ಸೀರಿಯಲ್ ನಂಬರ್ ಕೇಳಿ. ತಯಾರಾದ ವರ್ಷ ಅದರಿಂದಲೇ ಗೊತ್ತಾಗುತ್ತದೆ. ಕೊಡಲು ಮೀನಮೇಷ ಎಣಿಸಿದರೆ ಅಲ್ಲಿಗೇ ಬಿಟ್ಟುಬಿಡಿ.