ಜಾಕ್ ಆಮೇಲೆ ಕೊಳ್ಳಿ, ಮೊದಲು ಗಾಲಿಗೆ ಕಲ್ಲು ಕೊಡಿ

ನೀವು ಬರೆದದ್ದು ಓದಿದೆ: ವಿರಾಜಪೇಟೆಯ ಮನೆಯಂಗಳ, ತಗ್ಗಾದ ಸ್ಪೋರ್ಟ್ಸ್ ಕಾರು, ಅದರಡಿಗೆ ತೂರದ ಟ್ರಾಲಿ ಜಾಕ್ (ಕಾರು ಎತ್ತುವ, ಚಕ್ರವಿರುವ ಸಾಧನ), ನಾಲ್ಕೂ ಗಾಲಿ ಒಟ್ಟಿಗೆ ಬಿಚ್ಚಿ ಟೈರ್ ಅಂಗಡಿಗೆ ಒಯ್ಯುವ ಹುಮ್ಮಸ್ಸು. ಊರೊಂದು ಬೇರೆ, ಉಳಿದದ್ದೆಲ್ಲ ನನ್ನದೇ ಕಥೆ. ಯಾವ ಜಾಕ್ ಕೊಳ್ಳಲಿ ಎಂದು ಕೇಳಿದ್ದೀರಿ. ನನಗೂ ಆಗ ಅದೊಂದೇ ಚಿಂತೆ. 80 ಮಿಲಿಮೀಟರ್ ಎತ್ತರಕ್ಕೆ ತಗ್ಗುವ ಜಾಕ್ ತರಿಸಿದೆ, ಸಲೀಸಾಗಿ ಒಳಗೆ ಹೋಯಿತು. ಕೈಕೊಟ್ಟದ್ದು ಜಾಕ್ ಅಲ್ಲ, ನೆಲ.

ಕೊಯ್ಲು ಮುಗಿದು ಕಾಫಿ ಒಣಗಿಸುವ ಕಣ ಖಾಲಿಯಾಗಿತ್ತು. ಕೊಡಗಿನಲ್ಲಿ ಮಟ್ಟಸವಾದ ಸಿಮೆಂಟ್ ನೆಲ ಬೇಕೆಂದರೆ ಕಣ ಬಿಟ್ಟು ಇನ್ನೆಲ್ಲಿ? ಆದರೆ ನೀರು ನಿಲ್ಲಬಾರದೆಂದು ಕಣಕ್ಕೆ ಒಂದು ಕಡೆಗೆ ವಾಟ ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ವಾಟ. ಕಾರಿನ ಮೂತಿ ಆ ಕಡೆಗೇ ಇತ್ತು.

ಹ್ಯಾಂಡ್ ಬ್ರೇಕ್ ಎಳೆದು, ಗೇರ್‌ನಲ್ಲಿ ನಿಲ್ಲಿಸಿ, ಹಿಂದಿನ ಬಲಗಾಲಿಯನ್ನು ಎತ್ತಿ ಅಡಿಗೆ ಭಾರ ಹೊರುವ ಸ್ಟ್ಯಾಂಡ್ ಕೊಟ್ಟೆ. ಏನೂ ಆಗಲಿಲ್ಲ. ಎಡಗಾಲಿಯೂ ನೆಲ ಬಿಟ್ಟದ್ದೇ ತಡ, ಕಾರು ಮುಂದಕ್ಕೆ ಸರಿಯಿತು. ಸ್ಟ್ಯಾಂಡ್ ಮಗುಚಿತು, ಜಾಕ್‌ನ ತಲೆ ಜಾರಿ ಬಾಗಿಲ ಕೆಳಗಿನ ತಗಡಿಗೆ ನುಗ್ಗಿತು. ಆಮೇಲೆ ಬಾಗಿಲು ತೆರೆಯಲು ಹೋದರೆ ಕೆಳಗಿನ ಅಂಚು ಕಚ್ಚಿ ಕಿರ್ರೆನ್ನುತ್ತಿತ್ತು. ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ಕುಳಿತಿದ್ದ ತಮ್ಮನ ಮಗನ ಕಾಲು ಅಡಿಗೆ ಸಿಗಲಿಲ್ಲ, ಅದೇ ಪುಣ್ಯ.

ಏಕೆ ಹೀಗಾಯಿತು ಎಂಬುದನ್ನು ಬಿಡಿಸಿ ಹೇಳಲೇಬೇಕು. ಬಹುತೇಕ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು ಮಾತ್ರ. ನನ್ನದು ಹಿಂದಿನ ಗಾಲಿಗಳಿಂದ ಓಡುವ ಕಾರು, ಆದ್ದರಿಂದ ಗೇರ್ ಹಿಡಿಯುವುದೂ ಅವನ್ನೇ. ಎರಡು ಬೀಗ ಹಾಕಿದ್ದೆ, ಎರಡೂ ಒಂದೇ ಬಾಗಿಲಿಗೆ! ಆ ಗಾಲಿಗಳೆರಡೂ ಗಾಳಿಯಲ್ಲಿದ್ದಾಗ ನೆಲದಲ್ಲಿ ಉಳಿದದ್ದು ಯಾವ ಹಿಡಿತವೂ ಇಲ್ಲದ ಮುಂದಿನ ಜೋಡಿ. ಅವುಗಳ ಮುಂದೆ ಎರಡು ಕಲ್ಲು ಇಟ್ಟಿದ್ದರೆ ಮುಗಿದಿತ್ತು. ತೋಟಕ್ಕೆ ಗೊಬ್ಬರ ತರುವ ಲಾರಿಯ ಕ್ಲೀನರ್ ಈ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತಾನೆ.

ಹಾಗಾಗಿ ನಾಲ್ಕೂ ಗಾಲಿ ಒಟ್ಟಿಗೆ ಬಿಚ್ಚುವ ಯೋಚನೆಯನ್ನೇ ಬಿಡಿ. ನೆಲದಲ್ಲಿ ಉಳಿಯುವ ಗಾಲಿಗಳಿಗೆ ಎರಡೂ ಬದಿಯಿಂದ ಕಲ್ಲು ಕೊಟ್ಟು, ಒಂದೊಂದೇ ಮೂಲೆ ಎತ್ತಿ. ನಾಲ್ಕು ಸಲ ಅಂಗಡಿಗೆ ಓಡಾಡುವುದು ಬೇಸರವೆನಿಸಿದರೆ ಲಿಫ್ಟ್ ಇರುವ ವರ್ಕ್‌ಶಾಪ್‌ಗೆ ಕಾರನ್ನೇ ಒಯ್ಯಿರಿ, ಅದರಲ್ಲಿ ಅವಮಾನವೇನಿಲ್ಲ. ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕೆ ಸ್ಟ್ಯಾಂಡ್ ಬೇಕು. ಸ್ಟ್ಯಾಂಡ್ ಮಗುಚಿದರೂ ತಡೆಯಾಗಲೆಂದು ಬಿಚ್ಚಿದ ಗಾಲಿಯನ್ನು ಕಾರಿನಡಿಗೆ ಮಲಗಿಸಿ. ಅದು ಅಂಗಡಿಗೆ ಹೋದಾಗ ಆ ಜಾಗಕ್ಕೆ ಮರದ ದಿಮ್ಮಿ ಇಡಿ. ಮಳೆಗಾಲದಲ್ಲಿ ಮಣ್ಣಿನ ಅಂಗಳದಲ್ಲಂತೂ ಈ ಸಾಹಸ ಬೇಡ, ಸ್ಟ್ಯಾಂಡ್‌ನ ಕಾಲು ಹೂತು ಹೋಗುತ್ತದೆ.

ಇನ್ನು ಜಾಕ್. ನಿಮ್ಮಲ್ಲಿರುವುದೇ ಸಾಕಾಗಬಹುದು. ಸಾಧಾರಣ ಟ್ರಾಲಿ ಜಾಕ್ 130–140 ಮಿಲಿಮೀಟರ್‌ಗಿಂತ ತಗ್ಗುವುದಿಲ್ಲ, ನಿಜ. ಆದರೆ ದಪ್ಪನೆಯ ಸಿಲ್ವರ್ ಓಕ್ ಹಲಗೆಗಳ ಮೇಲೆ ಮೆಲ್ಲಗೆ ಕಾರು ಹತ್ತಿಸಿದರೆ ಬೇಕಾದ ಸಂದು ಸಿಗುತ್ತದೆ. ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕಷ್ಟೇ ಜಾಕ್ ಕೊಡಿ, ನಡುವೆ ರಬ್ಬರ್ ಬಿಲ್ಲೆ ಇರಲಿ. ವಿದೇಶಿ ವೀಡಿಯೊಗಳಲ್ಲಿ ಇದಕ್ಕೆ ಐಸ್ ಹಾಕಿಯ ರಬ್ಬರ್ ಬಿಲ್ಲೆ ಬಳಸುತ್ತಾರೆ. 1997ರಿಂದ ಕುಟುಂಬ ಕುಟುಂಬಗಳೇ ತಂಡ ಕಟ್ಟಿಕೊಂಡು ಹಾಕಿ ಪಂದ್ಯ ಆಡುವ ನಮ್ಮ ಕೊಡಗಿನಲ್ಲಿ ಚೆಂಡು ಬೇಕಾದಷ್ಟಿದೆ, ಬಿಲ್ಲೆ ಮಾತ್ರ ಇಲ್ಲ! ಟೈರ್ ಅಂಗಡಿಯವರನ್ನು ಕೇಳಿದರೆ ಹಳೆಯ ದಪ್ಪ ರಬ್ಬರನ್ನು ಕತ್ತರಿಸಿ ಕೊಡುತ್ತಾರೆ. ಜಾಕ್ ಎತ್ತುವಾಗ ಅದರ ತಲೆ ನೇರ ಮೇಲೇರುವುದಿಲ್ಲ, ಕಮಾನಿನಂತೆ ಸಾಗುತ್ತದೆ. ಆಗ ಜಾಕ್ ತಾನೂ ತುಸು ಸರಿಯಬೇಕು, ಅದರ ಪುಟ್ಟ ಚಕ್ರಗಳು ಉರುಳಲು ನೆಲ ಗುಡಿಸಿಕೊಳ್ಳಿ.

ಬೋಲ್ಟ್‌ಗಳನ್ನು ಗಾಲಿ ನೆಲದಲ್ಲಿರುವಾಗಲೇ ಕಾಲು ಸುತ್ತು ಸಡಿಲಿಸಿ, ಮರಳಿ ಹಾಕುವಾಗ ಎದುರುಬದುರಾಗಿ ಬಿಗಿಯಿರಿ. ಕೊನೆಯ ಬಿಗಿತ ಕಾರು ಇಳಿದ ಮೇಲೆ, ಬಿಗಿತವನ್ನು ಅಳೆದು ಕೊಡುವ ಟಾರ್ಕ್ ರೆಂಚ್‌ನಿಂದ. ಒಮ್ಮೆ ಮಡಿಕೇರಿಗೆ ಹೋಗಿ ಬಂದ ಮೇಲೆ ಮತ್ತೆ ನೋಡಿ.