ಹೊಳೆಯುವ ಕೋಟಿಂಗ್ ಬೇಡ, ಸಂದು ನೋಡಿ

ಪ್ರಶ್ನೆ: ಮಹಡಿಗೆ ಹೋಗುವ ಹೊರಗಿನ ಕಾಂಕ್ರೀಟ್ ಮೆಟ್ಟಿಲಿಗೆ ಕಡಪ ಕಲ್ಲು ಹಾಸಿದ್ದೇವೆ. ಮಳೆಗಾಲದಲ್ಲಿ ಕೆಳಗಿನ ಸೌದೆ ಕೋಣೆಗೆ ನೀರು ಜಿನುಗುತ್ತದೆ. ಕಲ್ಲಿನ ಅಂಚು ಪದರ ಪದರವಾಗಿ ಏಳುತ್ತಿದೆ. ಅಂಗಡಿಯವರು ಮೇಲೊಂದು ಹೊಳೆಯುವ ಕೋಟಿಂಗ್ ಹೊಡೆಯಿರಿ ಅನ್ನುತ್ತಾರೆ. ಸಾಕಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಾಕಾಗಲ್ಲ, ಸುಮ್ನೆ ದುಡ್ಡು ದಂಡ. ನೀರು ಕಲ್ಲಿನ ಮೈಯಿಂದ ಇಳಿಯುವುದಕ್ಕಿಂತ ಸಂದಿನಿಂದ ಇಳಿಯುವುದೇ ಜಾಸ್ತಿ. ಅದರಲ್ಲೂ ಮೆಟ್ಟಿಲು ಗೋಡೆಗೆ ಸೇರುವ ಮೂಲೆ. ಮೇಲೆ ಪದರ ಹಚ್ಚಿದರೆ ಒಳಗಿನ ತೇವ ಆರದೆ ಆ ಪದರವೇ ಸಿಪ್ಪೆ ಏಳುತ್ತದೆ. ಮಳೆಯಲ್ಲಿ ಕಾಲು ಜಾರುವುದು ಬೇರೆ.

ಮೆಟ್ಟಿಲ ಮೇಲೆ ಒಂದು ಚೊಂಬು ನೀರು ಹುಯ್ದು ನೋಡಿ. ಹಿಂದಕ್ಕೆ ಹರಿದರೆ ವಾಟ ತಪ್ಪಿದೆ. ಕಲ್ಲನ್ನು ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಅಡಿಯಲ್ಲಿ ಗಾರೆ ಸರಿಯಾಗಿ ಕೂತಿಲ್ಲ. ಎರಡೂ ಇದ್ದರೆ ಕಲ್ಲು ಕೀಳಿಸಬೇಕು, ಬೇರೆ ದಾರಿಯಿಲ್ಲ.

ವಾಟರ್‌ಪ್ರೂಫಿಂಗ್ ಇರಬೇಕಾದದ್ದು ಕಲ್ಲಿನ ಅಡಿಗೆ. ಕಾಂಕ್ರೀಟ್ ತೊಳೆದು, ಒಳಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿಸಿ. ಆಮೇಲೆ ಸಿಮೆಂಟ್-ಪಾಲಿಮರ್ ಲೇಪನ ಎರಡು ಕೋಟ್. ಪಕ್ಕದ ಗೋಡೆಗೂ 6 ಇಂಚು ಹತ್ತಿಸಿ. ಕಲ್ಲು ಕೂರಿಸುವಾಗ ಒಂದಡಿಗೆ 5 ಮಿ.ಮೀ. ಮುಂದಕ್ಕೆ ವಾಟ ಇರಲಿ. ‘ಕಣ್ಣಳತೆ ಸಾಕು ಮೇಡಂ’ ಅಂತ ಮೇಸ್ತ್ರಿಗಳು ನನಗೂ ಹೇಳುತ್ತಿದ್ದರು. ರಸಮಟ್ಟ ಇಡದೆ ಒಂದು ಕಲ್ಲನ್ನೂ ಕೂರಿಸಲು ನಾನು ಬಿಡುತ್ತಿರಲಿಲ್ಲ.

ಇನ್ನು ಅಂಚು. ಕಡಪ ಪದರದ ಕಲ್ಲು, ಮಲೆನಾಡಿನ ಮಳೆಗೆ ಏಳದೆ ಇರುತ್ತದಾ? ಹೊಸದು ಹಾಕಿಸುವುದಾದರೆ 30 ಮಿ.ಮೀ. ದಪ್ಪದ ಗ್ರಾನೈಟ್, ಫ್ಲೇಮ್ ಫಿನಿಶ್, ಅಂದರೆ ಬೆಂಕಿ ತಾಗಿಸಿ ಮೈ ಒರಟು ಮಾಡಿದ್ದು. ಅಂಚಿಗೆ ಉರುಟು ಮೋಲ್ಡಿಂಗ್ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಆದರೆ ಪಾಲಿಶ್ ಮಾಡಿದ ಆ ದುಂಡಗಿನ ಜಾಗವೇ ಒದ್ದೆ ಕಾಲಿಗೆ ಜಾರುವುದು. ಚೂಪು ಹೋಗುವಷ್ಟು, 3 ಮಿ.ಮೀ. ಓರೆಯಾಗಿ ಉಜ್ಜಿಸಿ, ಸಾಕು. ಕಲ್ಲು ಒಂದಿಂಚು ಮುಂದೆ ಚಾಚಿರಲಿ. ಅದರ ತಳದಲ್ಲಿ, ಅಂಚಿನಿಂದ ಅರ್ಧ ಇಂಚು ಒಳಗೆ ಉದ್ದಕ್ಕೂ ಒಂದು ಗ್ರೂವ್ ಹೊಡೆಸಿ. ಕಲ್ಲಿನ ತಳ ಹಿಡಿದು ಒಳಗೆ ಹರಿಯುವ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಗೋಡೆಯಿಲ್ಲದ ಪಕ್ಕಕ್ಕೂ ಇದೇ ಲೆಕ್ಕ. ಇದನ್ನು ಬಿಡುವವರೇ ಜಾಸ್ತಿ.

ಸಂದಿಗೆ ವೈಟ್ ಸಿಮೆಂಟ್ ಬೇಡ, ಪಾಲಿಮರ್ ಗ್ರೌಟ್ ತುಂಬಿಸಿ. ಗೋಡೆಯ ಮೂಲೆಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್, ಅಂದರೆ ಒಣಗಿದ ಮೇಲೂ ರಬ್ಬರಿನಂತೆ ಬಳುಕುವ ಅಂಟು.

ಈ ವರ್ಷ ಕೀಳಿಸಲು ಆಗದಿದ್ದರೆ, ಬಿಸಿಲಿರುವಾಗಲೇ ಹಳೆ ಸಂದು ಕೆರೆದು, ಒಣಗಿಸಿ, ಆ ಸೀಲೆಂಟನ್ನಾದರೂ ತುಂಬಿಸಿ. ಜಿನುಗು ಕಡಿಮೆಯಾಗುತ್ತದೆ. ಪಾಚಿ ತೆಗೆಯಲು ಆಸಿಡ್ ಮಾತ್ರ ಮುಟ್ಟಬೇಡಿ. ಕಡಪ ಸುಣ್ಣದ ಕಲ್ಲು, ಆಸಿಡ್ ಅದನ್ನು ತಿಂದುಬಿಡುತ್ತದೆ. ಬ್ಲೀಚಿಂಗ್ ಪೌಡರ್ ನೀರು, ಗಡುಸು ಬ್ರಷ್ಷು ಸಾಕು.