ಕೆಲವರು ಜಾಹೀರಾತು ಬ್ಲಾಕ್ ಮಾಡುತ್ತಾರೆ, ಕೆಲವರು ತಲೆ ಕೆಡಿಸಿಕೊಳ್ಳುವುದಿಲ್ಲ: ಸೈಬರ್ ಸೆಂಟರ್‌ನಲ್ಲಿ ಕೂತು ಕಂಡದ್ದು

ಜಾಹೀರಾತು ತಡೆಯುವ ಆಡ್ ಬ್ಲಾಕರ್ ಪುಕ್ಕಟೆ ಸಿಗುತ್ತದೆ, ಹಾಕಿಕೊಳ್ಳಲು ಎರಡು ನಿಮಿಷ ಸಾಕು. ಆದರೂ ಸುಮಾರು ಜನ ಯಾಕೆ ಹಾಕಿಕೊಳ್ಳುವುದಿಲ್ಲ, ಅವರಿಗೆ ಕಿರಿಕಿರಿಯೇ ಆಗುವುದಿಲ್ಲವಾ ಅಂತ ಕೇಳಿದ್ದೀರಿ.

ನಾನು ತಿಪಟೂರಿನಲ್ಲಿ ಸೈಬರ್ ಸೆಂಟರ್ ನಡೆಸುತ್ತೇನೆ. ನಾಲ್ಕು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನ್. ಪಹಣಿ, ಜಾತಿ-ಆದಾಯ ಅರ್ಜಿ, ಸ್ಕಾಲರ್‌ಶಿಪ್, ರಿಸಲ್ಟ್ ಪ್ರಿಂಟ್, ಇದೇ ಕೆಲಸ. ಇಡೀ ದಿನ ಬೇರೆಯವರು ಪರದೆ ನೋಡುವುದನ್ನು ನಾನು ನೋಡುತ್ತಿರುತ್ತೇನೆ. ಕಿರಿಕಿರಿ ಎಲ್ಲರಿಗೂ ಆಗುತ್ತದೆ. ಅದನ್ನು ತೆಗೆಯಬಹುದು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಒಂದು ಸಲ ಕೊಬ್ಬರಿ ಹರಾಜಿನ ದಿನ ಒಬ್ಬ ಯಜಮಾನರು ಬಂದರು. ಎಪ್ಪತ್ತರ ಹತ್ತಿರ ವಯಸ್ಸು. "ಫೋನು ಕೆಟ್ಟೋಗೈತೆ ಕಣಪ್ಪ, ವಸಿ ನೋಡು" ಅಂದರು. ಫೋನ್ ಹೊಸದೇ. ಲಾಕ್ ತೆಗೆದ ತಕ್ಷಣ ಪರದೆ ತುಂಬ ಯಾವುದೋ ಗೇಮ್‌ನ ಜಾಹೀರಾತು ಬಂತು. ಐದು ಸೆಕೆಂಡ್ ಕಾದರೆ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಎಕ್ಸ್ ಗುರುತು. ಅದನ್ನು ಒತ್ತಿದರೆ ಇನ್ನೊಂದು ಜಾಹೀರಾತು. ಅವರಿಗೆ ಬೇಕಿದ್ದದ್ದು ಆವತ್ತಿನ ಕೊಬ್ಬರಿ ಧಾರಣೆ, ಒಂದೇ ಒಂದು ಸಂಖ್ಯೆ. ಧಾರಣೆ ಇದ್ದ ಪುಟ ತೆರೆದರೆ ಅಲ್ಲೂ ಕೆಳಗಿಂದ ಒಂದು ಪಟ್ಟಿ ಎದ್ದು ಬಂದು ಸರಿಯಾಗಿ ಆ ಸಂಖ್ಯೆಯ ಮೇಲೇ ಕೂತಿತು. ಕಾಯಿ ಸುಲಿದು ಸುಲಿದು ಗಟ್ಟಿಯಾದ ಹೆಬ್ಬೆರಳು ಅವರದು. ಎಕ್ಸ್ ಒತ್ತಲು ಹೋದರೆ ಪ್ರತಿ ಸಲವೂ ಬೆರಳು ಜಾಹೀರಾತಿಗೇ ತಾಗಿ ಪ್ಲೇ ಸ್ಟೋರ್ ತೆರೆದುಕೊಳ್ಳುತ್ತಿತ್ತು.

ಹುಡುಕಿದೆ. ಫೋನ್ ಕ್ಲೀನ್ ಮಾಡುತ್ತೇನೆ ಅನ್ನುವ ಒಂದು ಆಪ್ ಒಳಗೆ ಕೂತು ಇದನ್ನೆಲ್ಲ ಮಾಡುತ್ತಿತ್ತು. ಅದನ್ನು ಅವರು ಹಾಕಿಕೊಂಡದ್ದೂ ಜಾಹೀರಾತು ಒತ್ತಿಯೇ. "ನಿಮ್ಮ ಫೋನ್ ನಿಧಾನವಾಗಿದೆ" ಅಂತ ಬಂದಿತ್ತಂತೆ. ಆಪ್ ತೆಗೆದು, ಯಾವಾಗಿಂದ ಹೀಗಾಗ್ತಿದೆ ಯಜಮಾನ್ರೇ ಅಂತ ಕೇಳಿದೆ. "ಯುಗಾದಿ ಆದಾಗ್ಲಿಂದ. ಫೋನು ಅಂದ್ರೆ ಹಿಂಗೇ ಇರ್ತದೆ ಅನ್ಕಂಡಿದ್ದೆ. ಇವತ್ತು ರೇಟೇ ಕಾಣ್ಲಿಲ್ಲ, ಅದ್ಕೆ ಬಂದೆ" ಅಂದರು. ಆಗ ಗೌರಿ ಹಬ್ಬ ಹತ್ತಿರ ಬಂದಿತ್ತು.

ಈ ಮಾತು ಇವತ್ತಿಗೂ ನನ್ನ ತಲೆಯಲ್ಲಿದೆ. ಅವರು ಜಾಹೀರಾತನ್ನು ಒಪ್ಪಿಕೊಂಡಿರಲಿಲ್ಲ. ಬಿಸಿಲು, ಮಳೆ ಇದ್ದ ಹಾಗೆ ಇದೂ ಒಂದು ಅಂದುಕೊಂಡಿದ್ದರು. ಬ್ಲಾಕ್ ಮಾಡದವರನ್ನು ಸೋಮಾರಿಗಳು ಅನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಇನ್ನೊಂದು ಕಾರಣ ಫೋನೇ. ಕಂಪ್ಯೂಟರ್‌ನಲ್ಲಿ ಬ್ರೌಸರ್‌ಗೆ ಒಂದು ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್ ಜೊತೆ ಸೇರಿಕೊಳ್ಳುವ ಸಣ್ಣ ಪ್ರೋಗ್ರಾಂ, ಹಾಕಿದರೆ ಕೆಲಸ ಮುಗಿಯಿತು. ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಹಾಕಲು ಬರುವುದೇ ಇಲ್ಲ. ಫೋನಿನಲ್ಲಿ ಫೈರ್‌ಫಾಕ್ಸ್ ಇದ್ದರೆ ಆಗುತ್ತದೆ, ಆದರೆ ಅದನ್ನು ಹುಡುಕಿಕೊಂಡು ಹೋಗಿ ಹಾಕುವವರು ಎಷ್ಟು ಜನ? ನಮ್ಮ ಕಡೆ ಹೆಚ್ಚಿನವರಿಗೆ ಇಂಟರ್ನೆಟ್ ಅಂದರೆ ಫೋನೇ, ಅದರಲ್ಲೂ ಆಪ್‌ಗಳೇ. ಬ್ರೌಸರ್‌ಗೆ ಹಾಕಿದ ಬ್ಲಾಕರ್ ಆಪ್ ಒಳಗಿನ ಜಾಹೀರಾತನ್ನು ಮುಟ್ಟುವುದಿಲ್ಲ.

ಮೊದಲು ಹೀಗಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬರುವ ಮುಂಚೆ ತಿಂಗಳಿಗೆ 1 ಜಿಬಿ ಪ್ಯಾಕ್‌ಗೆ 250 ರೂಪಾಯಿ ಆಸುಪಾಸು ಕೊಡುತ್ತಿದ್ದೆವು. ಆಗ ಕಾಲೇಜು ಹುಡುಗರೆಲ್ಲ ಯುಸಿ ಬ್ರೌಸರ್ ಹಾಕಿಕೊಳ್ಳುತ್ತಿದ್ದರು. ಅದರಲ್ಲೇ ಜಾಹೀರಾತು ತಡೆಯುವ ಸೌಲಭ್ಯ ಇತ್ತು, ಡೇಟಾ ಉಳಿಯುತ್ತಿತ್ತು. ಜಾಹೀರಾತಿಗೂ ನಮ್ಮ ಜೇಬಿನಿಂದಲೇ ದುಡ್ಡು ಹೋಗುತ್ತಿದ್ದದ್ದು ಕಣ್ಣಿಗೆ ಕಾಣುತ್ತಿತ್ತಲ್ವಾ? ಆಮೇಲೆ ಡೇಟಾ ಅಗ್ಗವಾಯಿತು. 2020ರ ಜೂನ್‌ನಲ್ಲಿ ಸರ್ಕಾರ ನಿಷೇಧಿಸಿದ 59 ಚೀನಾ ಆಪ್‌ಗಳಲ್ಲಿ ಯುಸಿಯೂ ಹೋಯಿತು. ಅದರ ಜಾಗಕ್ಕೆ ಬೇರೆ ಬ್ಲಾಕರ್ ಹುಡುಕಿದವರನ್ನು ನಾನು ಹೆಚ್ಚು ನೋಡಲಿಲ್ಲ. ದಿನಕ್ಕೆ ಒಂದೂವರೆ ಜಿಬಿ ಇರುವಾಗ ಜಾಹೀರಾತಿಗೆ ಎಷ್ಟು ಹೋದರೂ ಲೆಕ್ಕಕ್ಕೆ ಬರುವುದಿಲ್ಲ. ಈಗ ಹೋಗುತ್ತಿರುವುದು ಟೈಮು. ಅದಕ್ಕೆ ಬ್ಯಾಲೆನ್ಸ್ ತೋರಿಸುವ ಮೆಸೇಜ್ ಬರುವುದಿಲ್ಲ.

ನಾನು ಬ್ಲಾಕರ್ ಹಾಕಿದ್ದು ಒಂದು ಪೆಟ್ಟು ತಿಂದ ಮೇಲೆ. ಪಿಯುಸಿ ಹುಡುಗನೊಬ್ಬ ಹಳೇ ಪ್ರಶ್ನೆಪತ್ರಿಕೆ ಡೌನ್‌ಲೋಡ್ ಮಾಡಲು ಕೂತಿದ್ದ. ಆ ಪುಟದಲ್ಲಿ ದೊಡ್ಡದಾಗಿ ಮೂರು ಹಸಿರು ಡೌನ್‌ಲೋಡ್ ಬಟನ್ ಇದ್ದವು. ಮೂರೂ ಜಾಹೀರಾತು. ನಿಜವಾದ ಲಿಂಕ್ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅವನು ಮೊದಲನೆಯದನ್ನು ಒತ್ತಿದ. ಪರದೆ ಪೂರ್ತಿ ಕೆಂಪಾಯಿತು, ಸೈರನ್ ಹಾಗೆ ಸದ್ದು ಶುರುವಾಯಿತು. ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಕೂಡಲೇ ಈ ನಂಬರ್‌ಗೆ ಫೋನ್ ಮಾಡಿ ಅಂತ ಬರೆದಿತ್ತು. ಹುಡುಗ ಕೈ ಎತ್ತಿಕೊಂಡು ಎದ್ದು ನಿಂತ. "ಅಣ್ಣಾ, ನಾನೇನೂ ಮಾಡ್ಲಿಲ್ಲ ಅಣ್ಣಾ." ಅವನ ಮುಖ ನೋಡಿ ನನಗೇ ಸಂಕಟವಾಯಿತು. ಆವತ್ತು ರಾತ್ರಿ ಅಂಗಡಿ ಬಾಗಿಲು ಹಾಕುವ ಮುಂಚೆ ನಾಲ್ಕೂ ಕಂಪ್ಯೂಟರ್‌ಗೆ ಯುಬ್ಲಾಕ್ ಒರಿಜಿನ್ ಅನ್ನುವ ಆಡ್ ಬ್ಲಾಕರ್ ಹಾಕಿದೆ. ಜಾಹೀರಾತು ಎಲ್ಲೆಲ್ಲಿಂದ ಬರುತ್ತದೆ ಅನ್ನುವ ವಿಳಾಸಗಳ ಉದ್ದದ ಪಟ್ಟಿ ಅದರ ಹತ್ತಿರ ಇರುತ್ತದೆ. ಪುಟ ತೆರೆಯುವಾಗ ಬ್ರೌಸರ್ ಆ ವಿಳಾಸಕ್ಕೆ ಹೋಗಲು ಹೊರಟರೆ ಅಲ್ಲೇ ತಡೆಯುತ್ತದೆ. ಮರುದಿನದಿಂದ ಹಳೇ ಕಂಪ್ಯೂಟರ್‌ಗಳಲ್ಲೂ ಪುಟಗಳು ಬೇಗ ತೆರೆಯತೊಡಗಿದವು.

ಇದು ಬರೀ ನಮ್ಮಂಥವರ ಭಯ ಅಲ್ಲ. ಸರ್ಚ್‌ನಲ್ಲಿ ಮೇಲೆ ಬರುವ ಜಾಹೀರಾತನ್ನೇ ಬಳಸಿ ಮೋಸಗಾರರು ನಕಲಿ ಸೈಟ್‌ಗೆ ಕರೆದೊಯ್ಯುತ್ತಿದ್ದಾರೆ, ಆಡ್ ಬ್ಲಾಕರ್ ಬಳಸಿ ಅಂತ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಜನರಿಗೆ ಹೇಳಿತ್ತು. ನಮ್ಮಲ್ಲೂ 2023ರ ನವೆಂಬರ್‌ನಲ್ಲಿ ಬಂದ ಗ್ರಾಹಕ ರಕ್ಷಣೆಯ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿದೆ. ವೇಷ ಮರೆಸಿಕೊಂಡ ಜಾಹೀರಾತು ಅದರಲ್ಲಿ ಒಂದು. ಆ ಹಸಿರು ಬಟನ್ ನೋಡಿದವರಿಗೆ ಅದರ ಅರ್ಥ ಹೇಳಿಕೊಡಬೇಕಿಲ್ಲ.

ಗೊತ್ತಿದ್ದೂ ಹಾಕಿಕೊಳ್ಳದವರೂ ಇದ್ದಾರೆ. ಅವರ ಕಾರಣಗಳನ್ನು ನಾನು ಗೌರವಿಸುತ್ತೇನೆ. ಎಕ್ಸ್‌ಟೆನ್ಶನ್ ಹಾಕುವಾಗ "ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಮಾಹಿತಿ ಓದಲು, ಬದಲಾಯಿಸಲು" ಅನುಮತಿ ಕೇಳುತ್ತದೆ. ಅದನ್ನು ಓದಿ ಒಬ್ಬ ಮೇಷ್ಟ್ರು ಬೇಡವೇ ಬೇಡ ಅಂದರು. ಅವರ ಹೆದರಿಕೆ ಸುಳ್ಳಲ್ಲ. 2018ರಲ್ಲಿ ಕ್ರೋಮ್ ಸ್ಟೋರ್‌ನಲ್ಲಿ ಐದು ನಕಲಿ ಆಡ್ ಬ್ಲಾಕರ್ ಪತ್ತೆಯಾದವು, ಎರಡು ಕೋಟಿಗೂ ಜಾಸ್ತಿ ಜನ ಅವನ್ನು ಹಾಕಿಕೊಂಡಿದ್ದರು. ನನ್ನ ಹೆಂಡತಿಯದು ಬೇರೆಯೇ ಕಾರಣ. ಅವಳು ಬ್ಲೌಸ್ ಹೊಲಿಯುತ್ತಾಳೆ. ಲೇಸ್, ಕುಚ್ಚು, ಹೊಸ ಕತ್ತಿನ ಡಿಸೈನ್ ಎಲ್ಲ ಅವಳಿಗೆ ಜಾಹೀರಾತಿನಲ್ಲೇ ಸಿಗುತ್ತದೆ. ಅದು ಅವಳಿಗೆ ಕೆಲಸಕ್ಕೆ ಬರುವ ವಿಷಯ. ತೆಗೀಬೇಡಿ ಅಂದಳು, ಬಿಟ್ಟೆ.

ಇನ್ನು ಸೈಟ್ ನಡೆಸುವವರ ಹೊಟ್ಟೆಪಾಡು. ಇದು ನನ್ನನ್ನೂ ಕಾಡುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಚಂದಾ ಕೊಡುವವರು ಕಮ್ಮಿ, ಜಾಹೀರಾತೇ ಆಧಾರ. ಬ್ಲಾಕರ್‌ನ ದೊಡ್ಡ ಬಟನ್ ಒತ್ತಿದರೆ ಆ ಒಂದು ಸೈಟ್‌ಗೆ ಮಾತ್ರ ಅದು ಸುಮ್ಮನಾಗುತ್ತದೆ. ನಾನು ದಿನಾ ಓದುವ ಎರಡು ಮೂರು ಕನ್ನಡ ಸೈಟ್‌ಗಳಿಗೆ ಹಾಗೆ ಬಿಟ್ಟಿದ್ದೇನೆ. ಪೇಪರ್‌ನಲ್ಲಿ ಬಂದ ಹಾಗೆ ಪಕ್ಕದಲ್ಲಿ ಸುಮ್ನೆ ಇರುವ ಜಾಹೀರಾತು ನನಗೆ ತೊಂದರೆಯಲ್ಲ. ಓದುವುದರ ಮೇಲೆ ಬಂದು ಕೂರುವುದು, ಬಟನ್ ವೇಷ ಹಾಕುವುದು, ಇದನ್ನು ನಾನು ಒಪ್ಪುವುದಿಲ್ಲ.

ಹಾಕಿಕೊಂಡವರೂ ಹಾಗೇ ಉಳಿಯುವುದಿಲ್ಲ. 2025ರಲ್ಲಿ ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಾಯಿಸಿದ್ದರಿಂದ ಯುಬ್ಲಾಕ್ ಒರಿಜಿನ್ ಅದರಲ್ಲಿ ಕೆಲಸ ಮಾಡುವುದು ನಿಂತಿತು. ಅದರ ಲೈಟ್ ಆವೃತ್ತಿ ಇದೆ, ಅಷ್ಟು ಗಟ್ಟಿಯಲ್ಲ. ನಾನು ಅಂಗಡಿಯ ಕಂಪ್ಯೂಟರ್‌ಗಳನ್ನು ಫೈರ್‌ಫಾಕ್ಸ್‌ಗೆ ಬದಲಾಯಿಸಿದೆ. ಲ್ಯಾಪ್‌ಟಾಪ್ ತಂದು ನನ್ನಿಂದ ಹಾಕಿಸಿಕೊಂಡು ಹೋಗಿದ್ದವರಲ್ಲಿ ಇಬ್ಬರು ಬಂದು ಕೇಳಿದರು. ಉಳಿದವರಿಗೆ ಮತ್ತೆ ರೂಢಿಯಾಗಿಹೋಯಿತು.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಮೊದಲು ಅವರ ಫೋನ್ ತಗೊಳ್ಳಿ. ಕ್ಲೀನರ್, ಟಾರ್ಚ್, ಬ್ಯಾಟರಿ ಉಳಿಸುವ ಆಪ್ ಇದ್ದರೆ ತೆಗೆದುಹಾಕಿ. ಆಂಡ್ರಾಯ್ಡ್ 9 ಅಥವಾ ಆಮೇಲಿನದಾದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇರುತ್ತದೆ. ಫೋನ್ ಸೈಟ್‌ಗಳ ವಿಳಾಸವನ್ನು ಯಾರ ಹತ್ತಿರ ಕೇಳಬೇಕು ಅಂತ ಹೇಳುವ ಜಾಗ ಅದು. ಅಲ್ಲಿ ಜಾಹೀರಾತು ತಡೆಯುವ ಸೇವೆ ಕೊಡುವ ಆಡ್‌ಗಾರ್ಡ್‌ನವರ ಸೈಟ್‌ನಲ್ಲಿರುವ ಪುಕ್ಕಟೆ ಡಿಎನ್‌ಎಸ್ ವಿಳಾಸ ಹಾಕಿ. ಆಪ್ ಒಳಗಿನ ಜಾಹೀರಾತೂ ಬಹಳಷ್ಟು ನಿಲ್ಲುತ್ತದೆ. ಯೂಟ್ಯೂಬ್ ಆಪ್‌ನದು ಮಾತ್ರ ಇದರಿಂದ ಹೋಗುವುದಿಲ್ಲ. ಯಾವುದಾದರೂ ಆಪ್ ತೆರೆಯದೆ ಹೋದರೆ ಅದೇ ಜಾಗಕ್ಕೆ ಹೋಗಿ ಆಫ್ ಮಾಡಿ ನೋಡಿ. ಆಫ್ ಮಾಡುವುದನ್ನು ಅವರಿಗೂ ತೋರಿಸಿಕೊಡಿ.